ಓದದೆ ಬಿಟ್ಟ ಸಾಲು

ಆ ಊರಿನಲ್ಲಿ ಊರಿನ ಕಾನೂನನ್ನು ಊರಿನವರು ಓದುವಂತಿರಲಿಲ್ಲ.

ಅವರೇನು ಅಕ್ಷರ ಬಾರದವರಲ್ಲ. ಅಂಗಡಿಯ ಹಲಗೆ ಓದುತ್ತಿದ್ದರು, ಕಾಗದ ಪತ್ರ ಓದುತ್ತಿದ್ದರು, ಲಗ್ನಪತ್ರಿಕೆ ಓದಿ ತಪ್ಪು ಹುಡುಕುತ್ತಿದ್ದರು. ಆದರೆ ಗುಡ್ಡದ ಮೇಲಿನ ನ್ಯಾಯಶಾಲೆಯ ಒಳಕೋಣೆಯಲ್ಲಿದ್ದ, ಮುತ್ತಜ್ಜಂದಿರು ಬರೆದಿಟ್ಟ ಆ ಒಂದು ಪುಸ್ತಕವನ್ನು ಮಾತ್ರ ಕಣ್ಣೆತ್ತಿ ನೋಡುವಂತಿರಲಿಲ್ಲ. ಅದನ್ನು ಓದಲೆಂದೇ ವರ್ಷಕ್ಕೊಬ್ಬ ಪಂಡಿತರನ್ನು ಪರದೇಶದಿಂದ ಕರೆಸುತ್ತಿದ್ದರು. ಬಂದವರು ನಲವತ್ತು ದಿನ ಇರುತ್ತಿದ್ದರು. ಮೂವತ್ತೊಂಬತ್ತು ದಿನ ಒಳಕೋಣೆಯಲ್ಲಿ ಒಬ್ಬರೇ ಕೂತು ಆ ವರ್ಷದ ಪುಟವನ್ನು ಅಭ್ಯಾಸ ಮಾಡುತ್ತಿದ್ದರು. ನಲವತ್ತನೆಯ ದಿನ ಬೆಳಗ್ಗೆ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಓದಿದ್ದು ಕಾನೂನು. ಒಮ್ಮೆ ಓದಿಯಾದ ಮೇಲೆ ಅದನ್ನು ಅಳಿಸುವವರಿಲ್ಲ. ಮಧ್ಯಾಹ್ನ ಪಂಡಿತರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಗಾಡಿ ಹತ್ತಿಸಿ ಕಳಿಸುತ್ತಿದ್ದರು. ಗಾಡಿ ಕಣ್ಮರೆಯಾಗುವ ತನಕ ಊರಿಗೆ ಊರೇ ಕೈ ಮುಗಿದು ನಿಂತಿರುತ್ತಿತ್ತು.

ಬಂದವರನ್ನು ನೋಡಿಕೊಳ್ಳುವ ಕೆಲಸ ಬಿಡಾರದಮ್ಮನದು. ನ್ಯಾಯಶಾಲೆಯ ಹಿಂಭಾಗದಲ್ಲಿ ಅತಿಥಿಗಳ ಬಿಡಾರ. ಎರಡು ಕೋಣೆ, ಒಂದು ಜಗಲಿ, ಒಂದು ಅಡುಗೆಮನೆ. ಹತ್ತೊಂಬತ್ತು ವರ್ಷದಲ್ಲಿ ಹತ್ತೊಂಬತ್ತು ಪಂಡಿತರಿಗೆ ಅವಳು ಕಾಲಿಗೆ ನೀರು ಕೊಟ್ಟಿದ್ದಳು. ಅವರು ಯಾವ ದೇಶದವರು ಎನ್ನುವುದು ಅವಳಿಗೆ ನೆನಪಿರುತ್ತಿರಲಿಲ್ಲ. ಎಲೆಯಲ್ಲಿ ಏನು ಬಿಟ್ಟರು ಎನ್ನುವುದು ನೆನಪಿರುತ್ತಿತ್ತು. ಒಬ್ಬರು ಒಗ್ಗರಣೆಯ ಮೆಣಸಿನಕಾಯನ್ನು ಎತ್ತಿ ಎಲೆಯಂಚಿನಲ್ಲಿ ಸಾಲಾಗಿ ಇಡುತ್ತಿದ್ದರು. ಒಬ್ಬರಿಗೆ ಅನ್ನ ಸೇರದು, ದಿನಾ ರೊಟ್ಟಿ ಬೇಕು. ಒಬ್ಬರು ಮಂಚ ಬಿಟ್ಟು ನೆಲದ ಮೇಲೇ ಮಲಗಿದರು, ನಲವತ್ತು ದಿನವೂ.

ಅವಳ ಕೆಲಸಕ್ಕೆ ಒಂದೇ ಕಟ್ಟಳೆ. ಅತಿಥಿಗೆ ಊಟ ಬಡಿಸಬಹುದು, ದೂರು ಬಡಿಸಬಾರದು. ತನ್ನ ಮನೆಯದಾಗಲಿ, ನೆರೆಮನೆಯದಾಗಲಿ, ಊರಿನವರ ಒಂದು ಸಂಕಟವೂ ಅತಿಥಿಯ ಕಿವಿಗೆ ಬೀಳಬಾರದು. ಬಿದ್ದರೆ ಓದು ಕೆಡುತ್ತದೆ. ಹತ್ತೊಂಬತ್ತು ವರ್ಷ ಅವಳು ಆ ಕಟ್ಟಳೆ ಮೀರಿರಲಿಲ್ಲ. ಅವಳಿಗೆ ಹೇಳಿಕೊಳ್ಳಲು ಏನೂ ಇರಲಿಲ್ಲ ಎಂದಲ್ಲ.

ಏಳು ವರ್ಷದ ಕೆಳಗೆ ಅವಳ ಗಂಡ ಅದೇ ನ್ಯಾಯಶಾಲೆಯಲ್ಲಿ ಮೇಷ್ಟ್ರಾಗಿದ್ದ. ಪಂಡಿತರು ಓದಿ ಹೋದದ್ದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವುದು ಅವನ ಕೆಲಸ. ಆ ವರ್ಷ ಬಂದಿದ್ದ ಪಂಡಿತರು ಬೆಳ್ಳಿ ಚೌಕಟ್ಟಿನ ಕನ್ನಡಕದವರು, ಮೆಲುಮಾತಿನವರು. ಸಭೆಯಲ್ಲಿ ಅವರು ಪುಸ್ತಕ ತೆರೆದು ಓದಲು ಶುರುಮಾಡಿದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟ್ರು ಎದ್ದು ನಿಂತ. ಮಕ್ಕಳು ಪಾಠ ಹಾರಿಸಿ ಓದುವುದನ್ನು ಹಿಡಿದು ಹಿಡಿದು ಪಳಗಿದ್ದ ಕಣ್ಣು ಅವನದು.

"ಸ್ವಾಮಿ, ಮೇಲೆ ಏನೋ ಬಿಟ್ಟಿರಿ. ನಿಮ್ಮ ಕಣ್ಣು ಮೊದಲು ಅಲ್ಲಿಗೆ ಹೋಗಿ ಆಮೇಲೆ ಕೆಳಗಿಳಿಯಿತು," ಎಂದ.

ಪಂಡಿತರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು, ಪುಟದ ಕೆಳಗೆಲ್ಲೋ ಬೆರಳಿಟ್ಟು ಓದಿದರು: "ಓದು ನಡೆಯುವಾಗ ನಡುವೆ ಬಾಯಿ ಹಾಕಿದವರನ್ನು ಹೊಳೆ ದಾಟಿಸತಕ್ಕದ್ದು."

ಅಂದೇ ಮಧ್ಯಾಹ್ನ ಪಂಡಿತರ ಗಾಡಿ ಪೂರ್ವಕ್ಕೆ ಹೋಯಿತು, ಮೇಷ್ಟ್ರು ಪಶ್ಚಿಮಕ್ಕೆ ಹೊಳೆ ದಾಟಿದ. ದಾಟಿದವರು ಮರಳುವಂತಿಲ್ಲ, ಈಚೆ ದಡದವರು ಅವರನ್ನು ಕೂಗುವಂತಿಲ್ಲ. ಬಿಡಾರದಮ್ಮ ಅವತ್ತು ಬೆಳಗ್ಗೆ ಪಂಡಿತರಿಗೆಂದು ಬುತ್ತಿ ಕಟ್ಟಿದ್ದಳು. ಗಂಡನಿಗೆ ಕಟ್ಟಿಕೊಡಲು ಅವಳಿಗೆ ಹೊತ್ತು ಸಿಗಲಿಲ್ಲ. ಅಲ್ಲಿಂದಾಚೆ ದಿನಾ ಬೆಳಗ್ಗೆ ನೀರು ತರಲು ಹೋದಾಗ ಆಚೆ ದಡದ ಪೊದೆಗಳ ಹಿಂದೆ ಹೊಗೆ ಏಳುವುದನ್ನು ನೋಡುತ್ತಿದ್ದಳು. ಅಷ್ಟು ಹೊಗೆಗಳಲ್ಲಿ ಅವನ ಒಲೆಯದು ಯಾವುದೋ ಗೊತ್ತಾಗುತ್ತಿರಲಿಲ್ಲ. ಆ ಪಂಡಿತ ಸಿಟ್ಟಿನಲ್ಲಿ ಆ ಮಾತನ್ನು ತಾನೇ ಹುಟ್ಟಿಸಿ ಓದಿದ ಎಂದು ಅವಳು ನಂಬಿದ್ದಳು. ಹಾಗೆ ನಂಬಿಕೊಂಡೇ ಏಳು ವರ್ಷ ಕಳೆದಿದ್ದಳು.

ಇಪ್ಪತ್ತನೆಯ ವರ್ಷ ಬಂದದ್ದು ಒಬ್ಬ ಹೆಂಗಸು.

ನೆರೆಗೂದಲು ಕತ್ತರಿಸಿಕೊಂಡಿದ್ದ, ಬೂದು ಅಂಗಿಯ ಪಂಡಿತೆ. ಊರಿನ ಭಾಷೆಯನ್ನು ಪುಸ್ತಕದಿಂದ ಕಲಿತವಳು. ಒಂದೊಂದೇ ಪದವನ್ನು ಅಳೆದು ಇಟ್ಟ ಹಾಗೆ ಮಾತಾಡುತ್ತಿದ್ದಳು. ಹೆಬ್ಬಾಗಿಲಲ್ಲಿ ಅವಳ ರಹದಾರಿ ನೋಡಿ ಮೊಹರು ಒತ್ತಿದರು. ನ್ಯಾಯಶಾಲೆಯ ಪೀಠದ ಹಿರಿಯರು ತಾವೇ ಬಂದು ಹಾರ ಹಾಕಿದರು. ಮೊದಲ ಹತ್ತು ದಿನ ಊರಿನ ದೊಡ್ಡ ಮನೆಗಳವರು ಸರದಿಯ ಮೇಲೆ ಊಟಕ್ಕೆ ಕರೆದರು. ಹನ್ನೊಂದನೆಯ ದಿನ ಅವಳು ಹೋಗಲಿಲ್ಲ. ಬಿಡಾರದ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

"ಅಮ್ಮಾ, ನಾನು ಇಲ್ಲಿ ಕುಳಿತುಕೊಳ್ಳಬಹುದೇ?"

"ಅಯ್ಯೋ, ಇಲ್ಲಿ ಹೊಗೆ. ಜಗಲೀಲಿ ಚಾಪೆ ಹಾಸ್ತೀನಿ, ತಾಯಿ."

"ಜಗಲಿಯಲ್ಲಿ ಎಲ್ಲರೂ ನನ್ನನ್ನು ನೋಡುತ್ತಾರೆ. ಇಲ್ಲಿ ನೀವು ಕೆಲಸ ನೋಡುತ್ತೀರಿ. ಇದು ಉತ್ತಮ."

ಅಂದಿನಿಂದ ಪಂಡಿತೆ ಮಧ್ಯಾಹ್ನ ಒಳಕೋಣೆಯಿಂದ ನೇರ ಅಡುಗೆಮನೆಗೆ ಬರುತ್ತಿದ್ದಳು. ಅವರೆಕಾಳು ಹಿಚುಕುವುದನ್ನು ಕಲಿತಳು. ಮೊದಮೊದಲು ಅರ್ಧ ಕಾಳು ನೆಲಕ್ಕೆ ಹಾರುತ್ತಿದ್ದವು. ಹಾರಿದಾಗಲೆಲ್ಲ "ಕ್ಷಮಿಸಿ" ಎನ್ನುತ್ತಿದ್ದಳು, ಕಾಳಿಗೋ ಬಿಡಾರದಮ್ಮನಿಗೋ ತಿಳಿಯುತ್ತಿರಲಿಲ್ಲ. ತನ್ನ ದೇಶದಲ್ಲಿ ಮಗಳೊಬ್ಬಳಿದ್ದಾಳೆ, ತಾನು ವಾಪಸು ಹೋದ ವಾರಕ್ಕೆ ಅವಳಿಗೆ ಹೆರಿಗೆ, ಮಗಳಿಗೆ ತಾನಲ್ಲದೆ ಬೇರೆ ಯಾರೂ ಇಲ್ಲ ಎಂದಳು. ಬಿಡಾರದಮ್ಮ ಬಾಣಂತಿಗೆ ಕೊಡುವ ಮೆಣಸಿನ ಸಾರು ಮಾಡುವ ಬಗೆ ಹೇಳಿಕೊಟ್ಟಳು. ಅದನ್ನು ಪಂಡಿತೆ ಒಂದು ಚೀಟಿಯಲ್ಲಿ ಬರೆದುಕೊಂಡಳು.

ಮೂವತ್ತಮೂರನೆಯ ದಿನ ಎಲೆ ಹಾಗೇ ಉಳಿಯಿತು. ಮೂವತ್ತನಾಲ್ಕನೆಯ ದಿನವೂ. ಅನ್ನದ ಮೇಲೆ ಹಾಕಿದ ತುಪ್ಪ ಹೆಪ್ಪುಗಟ್ಟಿತು, ಪಂಡಿತೆ ನೋಡುತ್ತ ಕೂತಿದ್ದಳು.

"ಉಪ್ಪು ಹೆಚ್ಚಾಯ್ತಾ ತಾಯಿ?"

"ಇಲ್ಲ." ಆಮೇಲೆ ಅವಳು ಕೇಳಿದಳು: "ಅಮ್ಮಾ, ಇಲ್ಲಿಗೆ ಬಂದ ಪಂಡಿತರಲ್ಲಿ ಯಾರಾದರೂ ಇಲ್ಲಿಯೇ ಉಳಿದಿದ್ದಾರೆಯೇ?"

"ಉಳಿಯೋದು ಅಂದ್ರೆ?"

"ಇಲ್ಲಿಯೇ ಮನೆ ಮಾಡಿ, ಇಲ್ಲಿಯೇ ಬಾಳಿ, ಇಲ್ಲಿಯೇ ಸತ್ತವರು."

"ಯಾರೂ ಇಲ್ಲ ತಾಯಿ. ಅತಿಥಿ ಅಂದ ಮೇಲೆ ಹೋಗೋರು ತಾನೆ?"

ಪಂಡಿತೆ ಎದ್ದು ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಬಂದಳು. "ಪ್ರತಿ ಪುಟದ ಮೇಲೂ ಮೊದಲ ಸಾಲು ಒಂದೇ ಇದೆ. ನಾನು ಹಿಂದಿನ ಪುಟಗಳನ್ನೂ ತಿರುಗಿಸಿ ನೋಡಿದೆ. ಎಲ್ಲದರ ಮೇಲೂ ಅದೇ. 'ಇದನ್ನು ಓದಿದವರು ಇದರ ಕೆಳಗೆ ಬಾಳತಕ್ಕದ್ದು.' ಅಂದರೆ, ಓದಿ ಹೊರಟುಹೋದವರ ಓದು ಓದಲ್ಲ."

ಒಲೆಯ ಮೇಲೆ ಹಾಲು ಉಕ್ಕಿ ಸುರಿಯಿತು. ಬಿಡಾರದಮ್ಮ ಅದನ್ನು ಇಳಿಸಲಿಲ್ಲ.

"ಅವರೆಲ್ಲ ಅದನ್ನು ಕಂಡಿದ್ದಾರೆ," ಎಂದಳು ಪಂಡಿತೆ. "ಕಾಣದೆ ಇರಲು ಸಾಧ್ಯವಿಲ್ಲ, ಅಷ್ಟು ದಪ್ಪ ಅಕ್ಷರ. ಕಂಡು, ಬಿಟ್ಟು, ಎರಡನೆಯ ಸಾಲಿನಿಂದ ಓದಿದ್ದಾರೆ. ಅವರಿಗೂ ಊರು ಇತ್ತು, ಮನೆ ಇತ್ತು. ನಾನು ಅವರನ್ನು ಬೈಯುವುದಿಲ್ಲ. ಆದರೆ ನನಗೆ ಹೇಳಿ: ಆ ಓದುಗಳಿಂದ ಇಲ್ಲಿ ಯಾರಿಗಾದರೂ ಕೇಡಾಗಿದೆಯೇ?"

ಬಿಡಾರದಮ್ಮನ ಬಾಯಿ ತೆರೆಯಿತು. ಏಳು ವರ್ಷದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಒಂದು ಮಾತು ಹೇಳಿದರೆ ಸಾಕು, ಈ ಹೆಂಗಸು ಸಭೆಯಲ್ಲಿ ಆ ಸಾಲು ಓದುತ್ತಾಳೆ. ಹಳೆಯ ಓದುಗಳೆಲ್ಲ ಬಿದ್ದುಹೋಗುತ್ತವೆ. ಹೊಳೆಯಾಚೆಯವರು ಈಚೆ ಬರುತ್ತಾರೆ. ಮತ್ತು ಆ ಸಾಲು ಓದಿದವಳು ಇಲ್ಲೇ ಉಳಿಯಬೇಕಾಗುತ್ತದೆ, ಅವಳ ಮಗಳು ಯಾರೂ ಇಲ್ಲದೆ ಹೆರುತ್ತಾಳೆ.

"ಅದನ್ನ ನಿಮಗೆ ಹೇಳೋ ಹಾಗಿಲ್ಲ ತಾಯಿ," ಎಂದಳು.

"ಹಾಗಾದರೆ ಆಗಿದೆ."

ಬಿಡಾರದಮ್ಮ ಸೆರಗಿನಿಂದ ಹಾಲಿನ ಪಾತ್ರೆ ಹಿಡಿದು ಇಳಿಸಿದಳು. ಕೈ ಸುಟ್ಟಿತು. "ನೀವು ಆ ಸಾಲು ಓದಬೇಡಿ," ಎಂದಳು, ಬೆನ್ನು ತಿರುಗಿಸಿಕೊಂಡೇ. "ಎಲ್ಲರೂ ಓದಿದ ಹಾಗೇ ಓದಿ. ಶಾಲು ಹೊದ್ದುಕೊಂಡು ಮಗಳ ಹತ್ರ ಹೋಗಿ. ಬಾಣಂತಿ ಮನೇಲಿ ಹಿರಿಯರು ಇರಬೇಕು."

ಪಂಡಿತೆ ಎಲೆಯ ಮುಂದೆ ಕೂತು, ತಣ್ಣಗಾದ ಅನ್ನವನ್ನು ಒಂದು ಅಗುಳೂ ಬಿಡದೆ ಉಂಡಳು. ಅತಿಥಿಯನ್ನು ಕಾಪಾಡಿದೆ ಎಂದುಕೊಂಡಳು ಬಿಡಾರದಮ್ಮ. ಆ ಸಮಾಧಾನ ಪಾತ್ರೆ ತೊಳೆದು ಮುಗಿಯುವಷ್ಟು ಹೊತ್ತೂ ಉಳಿಯಲಿಲ್ಲ.

ನಲವತ್ತನೆಯ ದಿನ ಬೆಳಗ್ಗೆ ಸಭೆ ತುಂಬಿತು. ರೂಢಿಯಂತೆ ಪುಸ್ತಕವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ತಂದರು. ರೂಢಿಯಂತೆ ಬಟ್ಟೆ ಬಿಚ್ಚುವಾಗ ಊರಿನವರೆಲ್ಲ ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡರು, ಪುಸ್ತಕ ಪಂಡಿತೆಯ ಕಡೆಗೆ ತಿರುಗಿದ ಮೇಲೆ ಕೈ ಇಳಿಸಿದರು. ಹೊರಗೆ ಗಾಡಿ ಸಿದ್ಧವಾಗಿತ್ತು. ಎತ್ತುಗಳ ಕೊರಳ ಗೆಜ್ಜೆ ಆಗೊಮ್ಮೆ ಈಗೊಮ್ಮೆ ಅಲುಗುವುದು ಕೇಳುತ್ತಿತ್ತು.

ಪಂಡಿತೆ ಪುಟ ನೋಡಿದಳು. ಬಹಳ ಹೊತ್ತು ನೋಡಿದಳು. ಬಾಗಿಲಾಚೆಯ ಗಾಡಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಓದಿದಳು:

"ಹೊಳೆ ದಾಟಿದವರ ಹೆಸರನ್ನು ಊರೊಳಗೆ ಯಾರೂ ಎತ್ತತಕ್ಕದ್ದಲ್ಲ..."

ಅದು ಎರಡನೆಯ ಸಾಲು. ಹೇಳಿದ ಹಾಗೇ ಮಾಡಿದ್ದಳು. ಮೊದಲ ಸಾಲು ಬಿಟ್ಟಿದ್ದಳು.

ಬಿಡಾರದಮ್ಮ ಮದುವೆಯಾದಂದಿನಿಂದ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಮೇಷ್ಟ್ರು ಎನ್ನುತ್ತಿದ್ದಳು, ನಮ್ಮವರು ಎನ್ನುತ್ತಿದ್ದಳು. ಹೆಸರು ಎದೆಯಲ್ಲಿತ್ತು, ಹೇಳದಿದ್ದರೂ ತನ್ನದಾಗಿತ್ತು. ಈಗ ಅದನ್ನು ಹೇಳಬಾರದು ಎಂದು ಕೇಳಿದ ಕೂಡಲೇ, ಹೇಳದೆ ಇದ್ದರೆ ಉಸಿರು ಕಟ್ಟುತ್ತದೆ ಅನ್ನಿಸಿತು. ಹೆಂಗಸರ ಸಾಲಿನ ಕೊನೆಯಲ್ಲಿ ಅವಳು ಎದ್ದು ನಿಂತಳು.

"ಬೊಮ್ಮರಸ," ಎಂದಳು. ಅವಳದೇ ದನಿ ಅವಳಿಗೆ ಬೇರೆ ಯಾರದೋ ಎನ್ನುವಂತೆ ಕೇಳಿಸಿತು. "ನನ್ನ ಗಂಡನ ಹೆಸರು ಬೊಮ್ಮರಸ."

ಪೀಠದ ಹಿರಿಯರು ಕೋಲು ಊರಿ ಅರ್ಧ ಎದ್ದರು. "ಓದು ನಡೀತಾ ಇದೆ, ತಾಯಿ. ನಡುವೆ ಬಾಯಿ ಹಾಕಿದವರಿಗೆ ಏನಾಗುತ್ತೆ ಅಂತ ನಿನಗೆ ಬೇರೆ ಹೇಳಬೇಕಾ? ಕೂತ್ಕೋ."

"ಕೂರಲ್ಲ, ಅಯ್ಯನವರೇ. ಅತಿಥಿ ಓದೋದು ನಿಲ್ಲಿಸಲಿ. ಅವರು ಪೂರ್ತಿ ಓದಿಲ್ಲ, ಇನ್ನೂ ಹೋಗಬಹುದು. ಪುಟದ ತಲೆ ಮೇಲೆ ಒಂದು ಸಾಲಿದೆ. ಓದಿದವರು ಇದರ ಕೆಳಗೆ ಬಾಳಬೇಕು ಅಂತ. ಅವರು ಬಾಳಬೇಕಾಗಿಲ್ಲ. ನಾನು ಬಾಳ್ತಾ ಇದ್ದೀನಿ. ನಾನು ಓದ್ತೀನಿ."

ಹಿರಿಯರು ಪಂಡಿತೆಯ ಕಡೆ ತಿರುಗಿದರು. "ಅಂಥ ಸಾಲು ಇದೆಯೇ?"

ಪಂಡಿತೆ ಮತ್ತೊಮ್ಮೆ ಗಾಡಿಯ ಕಡೆ ನೋಡಿದಳು. ಇಲ್ಲ ಎಂದಿದ್ದರೆ ಅವಳು ಗಾಡಿ ಹತ್ತಬಹುದಿತ್ತು, ಬಿಡಾರದಮ್ಮ ಅಂದೇ ಹೊಳೆ ದಾಟುತ್ತಿದ್ದಳು.

"ಇದೆ," ಎಂದಳು ಪಂಡಿತೆ. "ನಾನು ಬಿಟ್ಟು ಓದಿದೆ. ನನಗಿಂತ ಮೊದಲು ಬಂದವರೂ ಬಿಟ್ಟು ಓದಿದರು." ಎಂದವಳೇ ಎರಡೂ ಕೈಯಲ್ಲಿ ಪುಸ್ತಕ ಎತ್ತಿ ಸಭೆಯ ಕಡೆಗೆ ತಿರುಗಿಸಿದಳು.

ಇನ್ನೂರು ಅಂಗೈಗಳು ಒಮ್ಮೆಲೇ ಕಣ್ಣಿಗೆ ಹೋದವು. ಗಂಡಸರು, ಹೆಂಗಸರು, ಮೇಷ್ಟ್ರುಗಳು, ಪೀಠದ ಹಿರಿಯರು ಕೂಡ. ಕಣ್ಣು ಮುಚ್ಚಿ ಕೂತ ಜನರ ನಡುವೆ ಬಿಡಾರದಮ್ಮ ಒಬ್ಬಳೇ ಕಣ್ಣು ಬಿಟ್ಟುಕೊಂಡು ನಡೆದು ಹೋದಳು.

ಅದು ಅವಳಿಗೆ ಬರುವ ಅಕ್ಷರವೇ. ಅಂಗಡಿಯ ಹಲಗೆಯ ಮೇಲಿನ ಅಕ್ಷರವೇ. ಮೊದಲ ಸಾಲು ನೋಡಿದಳು, ಪಂಡಿತೆ ಹೇಳಿದಂತೆಯೇ ಇತ್ತು. ಆಮೇಲೆ ಅವಳು ಯಾರನ್ನೂ ಕೇಳದೆ ಹಿಂದಕ್ಕೆ ಏಳು ಪುಟ ತಿರುಗಿಸಿದಳು. ಬೆರಳು ಇಳಿಯುತ್ತ ಇಳಿಯುತ್ತ ಹೋಗಿ ನಿಂತಿತು. "ಓದು ನಡೆಯುವಾಗ ನಡುವೆ ಬಾಯಿ ಹಾಕಿದವರನ್ನು ಹೊಳೆ ದಾಟಿಸತಕ್ಕದ್ದು." ಒಂದಕ್ಷರವೂ ಹೆಚ್ಚಿಲ್ಲ, ಒಂದಕ್ಷರವೂ ಕಮ್ಮಿಯಿಲ್ಲ. ಬೆಳ್ಳಿ ಕನ್ನಡಕದವನು ಏನನ್ನೂ ಹುಟ್ಟಿಸಿರಲಿಲ್ಲ. ಇದನ್ನು ಬರೆದವರು ಇದೇ ಊರಿನವರು, ಅವಳ ಮುತ್ತಜ್ಜಂದಿರು. ಅವಳು ಪುಸ್ತಕವನ್ನು ಪಂಡಿತೆಯ ಕೈಯಿಂದ ತಾನೇ ತೆಗೆದುಕೊಂಡಳು.

"ಓದು ಹಾಗಿದ್ದರೆ," ಎಂದರು ಹಿರಿಯರು, ಅಂಗೈ ಮುಖದಿಂದ ತೆಗೆಯದೆ. "ವರ್ಷದ ಓದು ಆಗಲೇಬೇಕು. ಓದು."

ಅವಳು ಈ ವರ್ಷದ ಪುಟಕ್ಕೆ ಮರಳಿದಳು. ಮೊದಲ ಸಾಲನ್ನು ಗಟ್ಟಿಯಾಗಿ ಓದಿದಳು. ಎರಡನೆಯದರ ಮೇಲೆ ಬೆರಳಿಟ್ಟಳು. ಬೆರಳು ತೆಗೆದಳು. ಪುಸ್ತಕ ಮುಚ್ಚಿದಳು.

"ಈ ವರ್ಷಕ್ಕೆ ಇಷ್ಟೇ," ಎಂದಳು.

ಕೈಗಳು ಒಂದೊಂದಾಗಿ ಕಣ್ಣಿಂದ ಇಳಿದವು. ಮೊದಲು ಗುಸುಗುಸು, ಆಮೇಲೆ ಗದ್ದಲ. ಯಾರೋ ಅಳುತ್ತಿದ್ದರು. ಯಾರೋ, ಹಾಗಿದ್ದರೆ ನಮ್ಮ ಗದ್ದೆ ಕಿತ್ತುಕೊಂಡ ಓದೂ ಬಿತ್ತು ಎಂದರು. ಇನ್ಯಾರೋ, ಅದು ಹೇಗೆ ಬೀಳುತ್ತೆ ಎಂದರು. ಹಿರಿಯರು ಬಿಡಾರದಮ್ಮನ ಹತ್ತಿರ ಬಂದು ನಿಂತರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು.

"ನಮ್ಮ ತಾತನ ಕಾಲದಲ್ಲಿ ಊರಿನವರೇ ಓದುತ್ತಿದ್ದರು, ಗೊತ್ತಾ ನಿನಗೆ? ಅಣ್ಣ ತನಗೆ ಬೇಕಾದ್ದು ಓದಿದ, ತಮ್ಮ ತನಗೆ ಬೇಕಾದ್ದು ಓದಿದ. ಈ ಸಭೆಯ ನೆಲ ಮೂರು ಸಲ ತೊಳೆದರೂ ರಕ್ತದ ಕಲೆ ಹೋಗಲಿಲ್ಲ. ಅದಕ್ಕೇ ಹೊರಗಿನವರನ್ನು ಕರೆಸಿದ್ದು. ಇಲ್ಲಿ ಯಾರ ಪಾಲೂ ಬೇಡದವರನ್ನು. ನಾಳೆ ಒಂದೊಂದು ಮನೆಯವರೂ ಬಂದು ಪುಸ್ತಕಕ್ಕೆ ಕೈ ಹಾಕುತ್ತಾರೆ. ಏನು ಮಾಡ್ತೀಯ ಆಗ?"

"ಗೊತ್ತಿಲ್ಲ ಅಯ್ಯನವರೇ," ಎಂದಳು.

ಆ ವರ್ಷ ಶಾಲು ಹೊದಿಸಲು ಯಾರಿಗೂ ನೆನಪಾಗಲಿಲ್ಲ. ಪಂಡಿತೆ ಗದ್ದಲದ ನಡುವೆಯೇ ನಡೆದು ಹೋಗಿ ಗಾಡಿ ಹತ್ತಿದಳು. ಬಿಡಾರದಮ್ಮ ಹಿಂದೆ ಹೋಗಿ ಬುತ್ತಿ ಕೊಟ್ಟಳು.

"ನಾನು ಉಳಿಯಬೇಕಿತ್ತು," ಎಂದಳು ಪಂಡಿತೆ.

"ಹೋಗಿ ಬನ್ನಿ ತಾಯಿ. ಮಗಳಿಗೆ ಸಾರು ಮಾಡಿ ಹಾಕಿ. ಮೊದಲ ಹತ್ತು ದಿನ ಹುಳಿ ಕೊಡಬೇಡಿ."

ಗಾಡಿ ಹೊರಟಿತು. ಪಂಡಿತೆ ತಿರುಗಿ ತಿರುಗಿ ನೋಡುತ್ತಿದ್ದಳು. ಕೈ ಮುಗಿದು ನಿಲ್ಲಲು ಬಿಡಾರದಮ್ಮನಿಗೆ ವ್ಯವಧಾನವಿರಲಿಲ್ಲ. ಅವಳು ಆಗಲೇ ಪಶ್ಚಿಮಕ್ಕೆ ತಿರುಗಿದ್ದಳು.

ಹೊಳೆಯ ದಂಡೆಯಲ್ಲಿ ನಿಂತು ಅವಳು ಹೆಸರು ಹಿಡಿದು ಕೂಗಿದಳು. ಒಮ್ಮೆ, ಎರಡು ಸಲ, ಗಂಟಲು ಕಟ್ಟುವ ತನಕ. ಆಚೆ ದಡದ ಪೊದೆ ಸರಿಸಿಕೊಂಡು ಜನ ಬಂದರು. ಹತ್ತು, ಹದಿನೈದು, ಅವಳು ಎಂದೋ ಸತ್ತರೆಂದುಕೊಂಡಿದ್ದವರು. ಅವರ ನಡುವಿನಿಂದ ಗಡ್ಡ ಬೆಳೆದ ಒಬ್ಬ ಮುಂದೆ ಬಂದ. ಅವನ ನಿಲುವಿನಿಂದ ಗುರುತು ಹಿಡಿದಳು.

"ಕೂಗೋ ಹಾಗಾಯ್ತಾ? ಯಾರು ಓದಿದ್ದು?" ಎಂದು ಕೂಗಿದ.

"ನಾನು."

ಅವನು ನೀರಿನಂಚಿಗೆ ಬಂದ. ಆಮೇಲೆ, "ನನ್ನ ಪುಟ ನೋಡಿದೆಯಾ?"

"ನೋಡಿದೆ. ಮೇಲೆ ಒಂದು ಸಾಲು ಬಿಟ್ಟಿದ್ದರು. ನೀವು ಕಂಡಿದ್ದು ಸರಿ."

"ಮತ್ತೆ ಆ ಮಾತು? ನನ್ನನ್ನು ದಾಟಿಸಿದ ಮಾತು? ಅದು ಅವನು ಹುಟ್ಟಿಸಿದ್ದು ತಾನೆ?"

ಹೌದು ಎಂದು ಒಂದು ಮಾತು ಹೇಳಿಬಿಟ್ಟರೆ ಅವನಿಗೆ ಎಷ್ಟು ಹಗುರಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ತಾನೂ ಅದೇ ನಂಬಿಕೆಯ ಮೇಲೆ ಬದುಕಿದವಳು.

"ಅಲ್ಲ," ಎಂದಳು. "ಇತ್ತು. ಹಾಗೇ ಇತ್ತು."

ಅವನು ದಡದ ಕಲ್ಲಿನ ಮೇಲೆ ಕುಸಿದು ಕೂತ. ಅವನ ಹಿಂದಿನವರು ಒಬ್ಬರನ್ನೊಬ್ಬರು ತಳ್ಳಿಕೊಂಡು ಕೇಳತೊಡಗಿದರು: ನನ್ನ ಪುಟ? ನನ್ನದರಲ್ಲಿ ಏನಿತ್ತು? ನನ್ನ ತಂಗಿಯದರಲ್ಲಿ? ಅವಳು ಅವುಗಳನ್ನು ಓದಿರಲಿಲ್ಲ. ಓದಿಲ್ಲ ಎಂದು ಕೂಗಿ ಹೇಳಿದಳು. ಹೇಳಿದ್ದನ್ನು ಅವರು ನಂಬಿದರೋ ಇಲ್ಲವೋ, ಕೇಳುವುದನ್ನಂತೂ ನಿಲ್ಲಿಸಲಿಲ್ಲ.

ಬಹಳ ಹೊತ್ತಿನ ಮೇಲೆ ಬೊಮ್ಮರಸ ಎದ್ದು ನೀರಿಗಿಳಿದ. ಏಳು ವರ್ಷದಲ್ಲಿ ಹೊಳೆ ತನ್ನ ಪಾತ್ರ ಬದಲಿಸಿತ್ತು. ಅವನು ಹಳೆಯ ಜಾಡು ಹಿಡಿದು ಮಡುವಿನ ಕಡೆ ಬರುತ್ತಿದ್ದ. "ಎಡಕ್ಕೆ! ಇನ್ನೂ ಎಡಕ್ಕೆ!" ಎಂದು ಕೂಗಿದಳು. ಅವನಿಗೆ ಕೇಳಿಸಲಿಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೂ ಇಳಿದಳು. ನಡುನೀರಿನಲ್ಲಿ, ಎದೆಮಟ್ಟದ ಸೆಳೆತದಲ್ಲಿ, ಅವನ ಮಣಿಕಟ್ಟು ಅವಳ ಕೈಗೆ ಸಿಕ್ಕಿತು. ಮೂಳೆಯಷ್ಟೇ ಇತ್ತು.

ಊರಿನ ಕಡೆಯಿಂದ ಗುಡ್ಡದ ಮೇಲಿನ ಸದ್ದು ಈಗ ಇಲ್ಲಿಗೂ ಕೇಳುತ್ತಿತ್ತು. ಜನ ಬಡಿದಾಡುತ್ತಿದ್ದರೋ, ಬರೀ ಕೂಗಾಡುತ್ತಿದ್ದರೋ, ತಿಳಿಯುವಂತಿರಲಿಲ್ಲ. ಆಚೆ ದಡದವರು ಇನ್ನೂ ತಮ್ಮ ತಮ್ಮ ಪುಟ ಕೇಳುತ್ತಲೇ ಇದ್ದರು.

"ಅಲ್ಲೇನದು ಗಲಾಟೆ?" ಎಂದ ಅವನು.

"ಪುಸ್ತಕ ಸಭೇಲೇ ಬಿಟ್ಟು ಬಂದಿದೀನಿ."

ಅವನು ಒಮ್ಮೆ ಹಿಂದಿನ ದಡ ನೋಡಿದ, ಒಮ್ಮೆ ಮುಂದಿನದು. "ಯಾವ ಕಡೆಗೆ ಹೋಗೋಣ?"

ನೀರು ಕಾಲ ಕೆಳಗಿನ ಮರಳನ್ನು ಎಳೆಯುತ್ತಿತ್ತು, ನಿಂತಲ್ಲೇ ನಿಂತರೆ ಇಬ್ಬರೂ ಜಾರುತ್ತಿದ್ದರು. ಅವಳು ಅವನ ಕೈ ಬಿಗಿಯಾಗಿ ಹಿಡಿದು, ಊರಿನ ಗದ್ದಲವಿದ್ದ ದಡದ ಕಡೆಗೆ ಹೆಜ್ಜೆ ಇಟ್ಟಳು.